ಹಾಳೆಯ ಮೇಲಿನ ಹುಡುಗಿ

ನಾನು ಸುರಪುರದಲ್ಲಿ ಪಿಯುಸಿ ಎರಡನೇ ವರ್ಷ ಓದುವಾಗ ವಿಶ್ವವಿದ್ಯಾಲಯದಿಂದ ಒಬ್ಬ ಮೇಡಂ ಸಂಶೋಧನೆಗೆಂದು ಬಂದರು. ಹಳ್ಳಿಯ ಹುಡುಗಿಯರಿಗೆ ಓದು ಎಂದರೆ ಏನು ಎಂಬುದು ಅವರ ವಿಷಯ. ನೇರವಾಗಿ ಕೇಳಿದರೆ ನಾವು ಬಾಯಿ ಬಿಡುವುದಿಲ್ಲವೆಂದು ಕಥೆ, ಚಿತ್ರ, ನಾಟಕ ಮಾಡಿಸುತ್ತಿದ್ದರು. "ಯಾರ ಹೆಸರೂ ಬೇಡ. ಎಲ್ಲ ಸೇರಿ ಒಬ್ಬ ಹುಡುಗಿಯನ್ನು ಹುಟ್ಟಿಸೋಣ," ಎಂದರು.

ನೆಲದ ಮೇಲೆ ದೊಡ್ಡ ಹಾಳೆ ಹಾಸಿದರು. ಒಬ್ಬರು ಅದರ ಮೇಲೆ ಮಲಗಬೇಕು, ಉಳಿದವರು ಮೈ ಸುತ್ತ ಗೆರೆ ಎಳೆಯಬೇಕು. ಯಾರೂ ಮುಂದೆ ಬರಲಿಲ್ಲ. ರಂಗಂಪೇಟೆಯ ಬಟ್ಟೆ ಅಂಗಡಿಯವರ ಮಗಳು ನನ್ನನ್ನು ಹಿಂದಿನಿಂದ ದೂಡಿದಳು.

"ನೀ ಮಲ್ಕೋ. ಕುರಿ ಹಟ್ಟ್ಯಾಗ ಮಲಗಾಕಿಗೆ ನೆಲ ಹೊಸಾದೇನು?"

ನಮ್ಮದು ಕುರಿ ಸಾಕುವ ಮನೆ. ಹುಣಸಗಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ನಾಲ್ಕು ಜನರ ಮುಂದೆ ನನಗೆ ಮಾತು ತೊದಲುತ್ತಿತ್ತು. ಸುಮ್ಮನೆ ಮಲಗಿದೆ. ಸ್ಕೆಚ್ ಪೆನ್ನು ಕಂಕುಳಿನ ಹತ್ತಿರ ಬಂದಾಗ ಗೆರೆ ಎಳೆಯುತ್ತಿದ್ದವಳು ಮೂಗು ಮುಚ್ಚಿಕೊಂಡಳು.

ನಾನು ಎದ್ದ ಮೇಲೆ ಆ ಗೆರೆಯೊಳಗೆ ಎಲ್ಲರೂ ಬರೆದರು. ತಲೆಯಲ್ಲಿ ಹೇನು. ಕೈಯಲ್ಲಿ ಕುರಿ ಹಿಕ್ಕಿ. ಎದೆಯಲ್ಲಿ ಬಸ್ ಕಂಡಕ್ಟರ್. ನಾನು ಬರುವ ಬಸ್ಸಿನ ಕಂಡಕ್ಟರನ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

"ಮೇಡಂ, ಇದು ನಾನಲ್ರಿ," ಎಂದೆ.

"ನೀನಲ್ಲಮ್ಮ, ಕಲ್ಪನೆಯ ಹುಡುಗಿ. ಅವರು ಮನಸ್ಸು ಬಿಚ್ಚಿ ಬರೀತಿದ್ದಾರೆ, ತಡೀಬಾರದು," ಎಂದು ಮೇಡಂ ಫೋಟೋ ತೆಗೆದರು.

ಆ ಹಾಳೆಯಿಂದ ನಾಟಕ ಹುಟ್ಟಿತು. ಕುರಿ ಹುಡುಗಿ ಕಂಡಕ್ಟರನ ಜೊತೆ ಓಡಿಹೋಗುತ್ತಾಳೆ, ಸಿಕ್ಕಿಬೀಳುತ್ತಾಳೆ, ಅಣ್ಣನಿಂದ ಒದೆ ತಿನ್ನುತ್ತಾಳೆ. ಬಟ್ಟೆ ಅಂಗಡಿಯ ಹುಡುಗಿಯೇ ಆ ಪಾತ್ರ ಮಾಡಿದಳು. ನನ್ನ ಹಾಗೆ ನಡೆದಳು, ನನ್ನ ಹಾಗೆ ತೊದಲಿದಳು. ನನ್ನನ್ನು ಪರದೆಯ ಹಿಂದೆ ನಿಲ್ಲಿಸಿ ಕುರಿಯಂತೆ ಕೂಗಲು ಹಚ್ಚಿದರು.

ನಾಟಕ ನೋಡಲು ಪಾಲಕರನ್ನೂ ಕರೆದಿದ್ದರು. ಅಪ್ಪ ತೊಳೆದ ರುಮಾಲು ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತ. ಮೊದಲು ಎಲ್ಲರೊಡನೆ ಅವನೂ ನಕ್ಕ. ಹುಡುಗಿ ತೊದಲತೊಡಗಿದಾಗ ಅವನ ನಗು ನಿಂತಿತು. ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ನಾನು ಕೂಗುತ್ತಲೇ ಇದ್ದೆ.

ಬಸ್ಸು ಊರಿನ ಹತ್ತಿರ ಬಂದಾಗ ಅವನು ನನ್ನತ್ತ ತಿರುಗಿದ.

"ಆ ಕಂಡಕ್ಟರ್ ಯಾರು?"

"ಯಾರೂ ಇಲ್ಲಪ್ಪ. ಅದು ಕಥಿ."

"ಬರೇ ಕಥಿ ಆದ್ರ, ಕೊನಿಗೆ ನೀ ಪರದಿ ಹೊರಗ ಬಂದಾಗ ಅಷ್ಟು ಮಂದಿ ಯಾಕ ನಕ್ರು?"

ಮರುದಿನ ಕಾಲೇಜು ಬಿಡಿಸಿದ. ಅವ್ವ ಏನೋ ಹೇಳಲು ಹೋದಳು. ಅಪ್ಪ ಅವಳತ್ತ ನೋಡದೆ ನನ್ನ ಕೈಗೆ ಕುರಿ ಕಾಯುವ ಕೋಲು ಕೊಟ್ಟ.

ಜೋಳದ ರಾಶಿಯ ಹೊತ್ತಿಗೆ ಮೇಡಂ ನಮ್ಮ ಮನೆಗೆ ಬಂದರು. ಸಿಹಿ ತಂದಿದ್ದರು. ಫೋನಿನಲ್ಲಿ ಒಂದು ಫೋಟೋ ತೋರಿಸಿದರು: ಯಾವುದೋ ದೊಡ್ಡ ಸಭಾಂಗಣದ ಗೋಡೆಯ ಮೇಲೆ ನಮ್ಮ ಹಾಳೆ, ಅದರ ಮುಂದೆ ಕಾಫಿ ಹಿಡಿದು ನಿಂತ ಜನ. ಹುಡುಗಿಯರು ಬರೆದದ್ದನ್ನು ಕಾಗುಣಿತ ತಿದ್ದಿ, ಅಚ್ಚು ಹಾಕಿಸಿ ಪಕ್ಕದಲ್ಲಿ ಅಂಟಿಸಿದ್ದರು.

"ಎಲ್ಲರೂ ತುಂಬಾ ಮೆಚ್ಚಿದರು. ನೀನು ಓದು ಬಿಟ್ಟೆ ಅಂತ ಕೇಳಿ ಬೇಜಾರಾಯಿತು. ಅದನ್ನೂ ಒಂದು ಕಥೆಯಾಗಿ ಹೇಳ್ತೀಯಾ?" ಎಂದು ಫೋನನ್ನು ರೆಕಾರ್ಡಿಂಗಿಗೆ ಹಚ್ಚಿ ಅಂಗಳದ ಮಂಚದ ಮೇಲಿಟ್ಟರು.

"ಆ ಹುಡುಗಿ ಸತ್ತಾಳ್ರಿ," ಎಂದೆ.

ಅವರು ಮುಂದಕ್ಕೆ ಬಾಗಿದರು. "ಹೇಗೆ?"

ಮುಖದಲ್ಲಿ ಮರುಕವಿತ್ತು, ಅದು ಸುಳ್ಳಲ್ಲ. ಆಸೆಯೂ ಇತ್ತು. ನಾನು ಎದ್ದು ಹಟ್ಟಿಯ ಬಾಗಿಲು ತೆಗೆದೆ. ಕುರಿಗಳೆಲ್ಲ ಅಂಗಳಕ್ಕೆ ನುಗ್ಗಿದವು. ಮೇಡಂ ಸೀರೆ ಎತ್ತಿ ಹಿಡಿದು ಮಂಚ ಹತ್ತಿ ನಿಂತರು, ಮೂಗಿಗೆ ಸೆರಗು ಹಚ್ಚಿದರು.

"ಏನ್ ಮಾಡಾಕತ್ತಿ? ಮೊದಲ ಹೊಡದು ಒಳಗ ಹಾಕು," ಎಂದು ಅವ್ವ ಬೈದಳು.

ನಾನು ಹಾಕಲಿಲ್ಲ. ಮೇಡಂ ಇಳಿಯಲಾಗದೆ ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಆಮೇಲೆ ಅಪ್ಪ ಬೇಡವೆಂದರೂ ಶಹಾಪುರದ ಸೋದರತ್ತೆಯ ಮನೆಯಲ್ಲಿದ್ದು ಪರೀಕ್ಷೆ ಕಟ್ಟಿದೆ, ಪಾಸಾದೆ. ಈಗ ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ತೂಕ ಮಾಡುವ ಕೆಲಸ. ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ಅಪ್ಪನಿಗೆ ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಅವ್ವನ ಕೈಲಿ ಹೇಳಿಸುತ್ತಾನೆ.