ಪರದೆ ಹಿಂದಿನ ಶ

ಯುದ್ಧದ ಕಾಲದಲ್ಲಿ ನಮ್ಮ ನಾಟಕದ ಕಂಪನಿಯಲ್ಲಿ ಒಬ್ಬಳು ಸಾಬರ ಹೆಂಗಸಿದ್ದಳು. ಮಂಡ್ಯದಲ್ಲಿ ಆಡಲಿ, ಮದ್ದೂರಿನಲ್ಲಿ ಆಡಲಿ, ಅವಳಿಗೆ ರಾಕ್ಷಸಿಯ ವೇಷವೇ. ಮುಖಕ್ಕೆಲ್ಲ ಮಸಿ ಬಳಿದುಕೊಂಡು, ತನ್ನ ಸರದಿ ಬರುವ ತನಕ ರಾಣಿಯ ಮಾತನ್ನು ತುಟಿಯಲ್ಲೇ ಆಡಿಕೊಳ್ಳುತ್ತಿದ್ದಳು. ನಾನು ಸೀರೆ ಮಡಿಸುವವಳು, ಹೊಳಲು ಅನ್ನೋ ಹಳ್ಳಿಯವಳು. ನನ್ನ ನಾಲಗೆಯನ್ನು ಬಿಡದೆ ತಿದ್ದುತ್ತಿದ್ದಳು.

"ಸಿವ ಅಲ್ಲ ಕಣಮ್ಮ, ಶಿವ."

ನನಗೆ ಅದು ಬರಲೇ ಇಲ್ಲ.

ಮಳವಳ್ಳಿಯಲ್ಲಿ ರಾಣಿಯ ಪಾತ್ರದವಳು ಜ್ವರ ಬಂದು ಮಲಗಿದಳು. ಇವಳು ಯಜಮಾನರ ಮುಂದೆ ಹೋಗಿ ನಿಂತಳು. "ಇವತ್ತೊಂದಿನ ನನ್ನ ರಾಣಿ ಮಾಡಿ ಸ್ವಾಮಿ." ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ಸಾಬರೋಳು ರಾಣಿಯಾದ್ರೆ ಜನ ಎದ್ದೋಯ್ತಾರೆ. ನೀನು ಪರದೆ ಇಂದೆ ನಿಂತು ಮಾತಾಡು. ಇವ್ಳು ಮುಂದೆ ನಿಂತು ಬಾಯಾಡಿಸ್ಲಿ," ಎಂದು ಯಜಮಾನರು ನನ್ನನ್ನು ತೋರಿಸಿದರು.

ನಾನು ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ರಾಣಿಯ ಸೀರೆಯನ್ನು ಅವಳೇ ನನಗೆ ಉಡಿಸಿದಳು. ನಾನು ಬಾಯಾಡಿಸಿದೆ, ಅವಳು ಪರದೆಯ ಹಿಂದಿನಿಂದ ಶಿವನನ್ನು ಕರೆದಳು. ಜನ ಕಣ್ಣೊರೆಸಿಕೊಂಡರು.

ಆಟ ಮುಗಿದ ಮೇಲೆ ಒಬ್ಬ ಗೌಡತಿ ಒಳಗೆ ಬಂದು ನನ್ನ ಗಲ್ಲ ಹಿಡಿದಳು. "ಏನ್ ಸುದ್ದವಾದ ನಾಲ್ಗೆ ಕಣವ್ವ ನಿಂದು. ಯಾರು ಕಲ್ಸಿದ್ದು?"

ಕಲಿಸಿದವಳು ಅಲ್ಲೇ ಪರದೆ ಮಡಿಸುತ್ತಿದ್ದಳು. ಅವಳ ಕೈ ನಿಂತಿತು.

"ಯಾರೂ ಕಲಿಸ್ಲಿಲ್ಲ ಕಣಮ್ಮ. ಎಲ್ಲಾ ಆ ಸಿವನ ದಯ," ಎಂದೆ.

ಗೌಡತಿ ತಲೆದೂಗಿ ಹೋದಳು. ಕಲಿಸಿದವಳು ನನ್ನನ್ನು ತಿದ್ದಲಿಲ್ಲ. ಆಮೇಲೆ ನಾನು ಎಷ್ಟು ಸಲ ಸಿವ ಅಂದರೂ ತಿದ್ದಲಿಲ್ಲ.