ಅವ್ವನ ಅರಿಷಿಣ

ಹೊಸ ಕೊಲ್ಹಾರದ ಆ ಮನೆಗೆ ಕಾಲಿಡುವಾಗ ಮೂಗಿಗೆ ಬಡಿದದ್ದು ಹೊಸ್ತಿಲಿನ ಹಸಿ ಅರಿಷಿಣದ ವಾಸನೆ. ಒಳ್ಳೆಯ ವಾಸನೆಯೇ. ಆದರೆ ಅದು ಬಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ನಿಮ್ಮೆದುರು ಮುಚ್ಚಿಡುವುದೇನು, ಹೊಟ್ಟೆಕಿಚ್ಚೇ. ಅಸೂಯೆ ಕೆಟ್ಟದ್ದೆಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳೂ ನಾನೇ.

ಮನೆ ಬಾಲ್ಯದ ಗೆಳತಿ ಕಸ್ತೂರಿಯದು. ಹಳೆಯ ಊರು ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ಅವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಹಿಂಬಾಗಿಲಿಗೊಂದು ಬೇವಿನ ಹೊಸ್ತಿಲು. ಅವ್ವ ದಿನಾ ಅದನ್ನು ತೊಳೆದು, ಅರಿಷಿಣ ಹಚ್ಚಿ, ಕುಂಕುಮವಿಟ್ಟು, ಆಮೇಲೆಯೇ ಒಲೆ ಹೊತ್ತಿಸುತ್ತಿದ್ದಳು.

ಮುಳುಗಡೆಯ ಸರ್ವೆಯವರು ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಇಡೀ ಮನೆಗೆ ಒಂದೇ ನಂಬರು, ನಂಬರಿಗೊಂದು ಹೊಸ ಜಾಗ. ಕಸ್ತೂರಿ ಅದನ್ನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಮುಳುಗುವ ಮನೆಯ ಮೇಲೂ ಹೊಟ್ಟೆಕಿಚ್ಚುಪಟ್ಟವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅವ್ವ ಸರ್ವೆಯವರ ಬೆನ್ನು ಹತ್ತಿದಳು.

"ನಮ್ಮ ಹೆಸರೂ ಬರಕೊಳ್ರಿ ಸಾಹೇಬ್ರ."

"ನೀವು ಬಾಡಿಗಿಯವ್ರು. ಮುಳುಗೂದು ಮಾಲಕರ ಮನಿ ಐತಿ ಯವ್ವಾ."

"ಮನಿ ಅವರದರಿ. ಒಲಿ ನಮ್ಮದೂ ಮುಳಗತೈತಲ್ರಿ?"

ಸಾಹೇಬರು ನಕ್ಕರು, ಬರೆದುಕೊಳ್ಳಲಿಲ್ಲ. ಕಸ್ತೂರಿಯ ಮನೆಯವರಿಗೆ ಹೊಸ ಊರಿನಲ್ಲಿ ಜಾಗ ಸಿಕ್ಕಿತು. ಬಾಗಿಲು, ತೊಲೆ, ಹೊಸ್ತಿಲು ಎಲ್ಲ ಕಿತ್ತು ಟ್ರ್ಯಾಕ್ಟರಿನಲ್ಲಿ ಒಯ್ದರು. ನಾವು ಮುದ್ದೇಬಿಹಾಳ, ಸಿಂದಗಿ, ಕೊನೆಗೆ ಬಾಗೇವಾಡಿ ಎಂದು ಬಾಡಿಗೆ ಮನೆ ಬದಲಿಸುತ್ತ ಹೋದೆವು. ಅವ್ವ ತೀರಿಕೊಂಡದ್ದೂ ಬಾಡಿಗೆ ಮನೆಯಲ್ಲೇ.

ಈಗ ಕಸ್ತೂರಿ ನನ್ನ ಕೈಹಿಡಿದು ಅಡುಗೆಮನೆಯ ಬಾಗಿಲಿಗೆ ಕರೆದೊಯ್ದಳು. "ಗುರ್ತ ಸಿಕ್ತೇನ? ನಿಮ್ಮ ಹಿಂಬಾಗಲದ ಹೊಸ್ತಿಲ. ನಿಮ್ಮವ್ವ ಹಚ್ಚಿದ ಅರಿಷಿಣ ಎಷ್ಟ್ ತಿಕ್ಕಿದ್ರೂ ಹೋಗವಲ್ದು ನೋಡ."

ಪ್ರೀತಿಯಿಂದಲೇ ಹೇಳಿದಳು. ನನ್ನ ಕಣ್ಣು ತುಂಬಬೇಕಿತ್ತು, ಹೊಟ್ಟೆ ಉರಿಯಿತು. ಅವ್ವನ ಅರಿಷಿಣಕ್ಕೂ ಈ ಊರಿನಲ್ಲಿ ಮನೆ ಸಿಕ್ಕಿದೆ, ಅವ್ವನಿಗೆ ಸಿಗಲಿಲ್ಲ.

ಬಾಗೇವಾಡಿಯ ನಮ್ಮ ಓಣಿಯಲ್ಲಿ ನನ್ನಂತೆಯೇ ಬಾಡಿಗೆಗಿರುವವರು ನಿವೇಶನಕ್ಕೆ ಅರ್ಜಿ ಬರೆದುಕೊಡಿ ಎಂದು ಎಷ್ಟೋ ದಿನದಿಂದ ಕೇಳುತ್ತಿದ್ದರು. ಸಂಬಳದವಳಿಗೆ ಈ ಉಸಾಬರಿ ಏಕೆಂದು ನಾನು ಮುಂದೂಡಿದ್ದೆ. ಅಂದು ತಿರುಗಿ ಬರುವಾಗ ಬಸ್ಸಿನಲ್ಲೇ ಬರೆಯಲು ಕುಳಿತೆ. ರೂಢಿಯಂತೆ ‘ದಯಮಾಡಿ’ ಎಂದು ಶುರುಮಾಡಿ, ಹೊಡೆದುಹಾಕಿದೆ. ‘ಇರಲು ಮನೆ ನಮ್ಮ ಹಕ್ಕು’ ಎಂದು ಬರೆದೆ. ಅದರ ಕೆಳಗೆ ಅವ್ವನ ಮಾತು: ‘ನಮ್ಮ ಹೆಸರೂ ಬರೆದುಕೊಳ್ಳಿ.’

ಮೊದಲ ಸಹಿ ನನ್ನದೇ. ಹೊಟ್ಟೆಯೊಳಗಿನ ಉರಿ ಇನ್ನೂ ಆರಿರಲಿಲ್ಲ. ಅರ್ಜಿ ಮಂಜೂರಾಗುವವರೆಗೆ ಆರುವುದೂ ಬೇಡವೆನಿಸಿತು.