ನಾಲ್ಕೂರಿನ ಫೋಲ್ಡರು

ಮದುವೆ ಪತ್ರಿಕೆ ಕೈಗೆ ಬಂದರೆ ನಾನು ಕೆಳಗಿನಿಂದ ಓದುತ್ತೇನೆ. ಗಂಡು ಯಾರು, ಹೆಣ್ಣು ಯಾರು ಎಂಬುದು ಆಮೇಲೆ; 'ಸುಖಾಗಮನ ಬಯಸುವವರು' ಎಂಬಲ್ಲಿ ನನ್ನ ಹೆಸರು ಯಾರ ಹಿಂದೆ ಬಿದ್ದಿದೆ ಎಂಬುದು ಮೊದಲು. ಹಾಗೆ ಹೆಸರು ಹಿಂದೆ ಬಿದ್ದಿತೆಂದು ನನ್ನ ಸೋದರಮಾವ ಅಕ್ಷತೆ ಹಾಕಿ, ಊಟ ಮಾಡದೆ ಹೊಸದುರ್ಗದ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ವಿದ್ಯೆಯನ್ನು ನಾವು ಕಂಪ್ಯೂಟರಿಗೂ ಕಲಿಸಿದೆವು.

ಈ ಶತಮಾನದ ಮೊದಲ ವರ್ಷಗಳು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಹೀಗೆ ಊರಿಗೊಬ್ಬರಂತೆ ನಾಲ್ವರು ಸೇರಿ ಕನ್ನಡ ಟೈಪಿಂಗ್ ತಂತ್ರಾಂಶ ಬರೆಯಲು ಹೊರಟೆವು. ಪುಕ್ಕಟೆ; ಒಳಗಿನ ಪ್ರೋಗ್ರಾಂ ಬರಹವೂ ಬಯಲಿಗೆ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಬಿಡಿ ಭಾಗಗಳಾಗಿ ಮಾಡುವುದೆಂದು ಮೊದಲ ಸಭೆಯಲ್ಲೇ ಠರಾಯಿಸಿದೆವು: ಕೀಲಿಮಣೆಗೊಂದು ಫೋಲ್ಡರು, ಅಕ್ಷರ ಕೂಡಿಸುವುದಕ್ಕೊಂದು, ಮುದ್ರಣಕ್ಕೊಂದು. ಕಂಪ್ಯೂಟರ್ ಪಂಡಿತರು ಈ ಜೋಡಣೆಯನ್ನು ಮರ ಎನ್ನುತ್ತಾರೆ, ಬೇರು ಮೇಲೆ, ಕೊಂಬೆ ಕೆಳಗೆ. ನಮ್ಮ ಹಿರಿಯರಿಗೂ ಇಂಥದೊಂದು ತಲೆಕೆಳಗಾದ ಮರ ಗೊತ್ತಿತ್ತು. ಅವರು ಅದನ್ನು ಸಂಸಾರ ಎಂದು ಕರೆದು ದೂರ ಇರಿ ಎಂದರು.

ನಮ್ಮ ವಿವೇಕ ಟೀ ಬರುವ ತನಕ ಬಾಳಿತು. ಹಿರಿಯೂರಿನ ರುದ್ರಮುನಿ ಲೋಟ ಕೆಳಗಿಟ್ಟು ಕೇಳಿದ: "ಅಲ್ಲಪ್ಪ, ಇದ್ರಾಗೆ ನಮ್ಮೂರು ಎಲ್ಲೈತೆ?"

ಎಲ್ಲೂ ಇರಲಿಲ್ಲ. ಆದ್ದರಿಂದ ಊರಿಗೊಂದು ಫೋಲ್ಡರು ಮಾಡಿದೆವು. ಜಿಲ್ಲಾ ಕೇಂದ್ರವೆಂದು ಚಿತ್ರದುರ್ಗ ಮೇಲೆ ಕೂತಿತು. ಒಬ್ಬರ ಫೋಲ್ಡರಿನಿಂದ ಇನ್ನೊಬ್ಬರು ಎರವಲು ತರುವುದು ಮರ್ಯಾದೆಯ ಪ್ರಶ್ನೆ, ಹಾಗಾಗಿ ಪ್ರತಿಯೊಂದರಲ್ಲೂ ಬೇರೆ ಕೀಲಿಮಣೆ, ಬೇರೆ ಮುದ್ರಣ. ಒಂದೇ ಮನೆಯಲ್ಲಿ ನಾಲ್ಕು ಒಲೆ. ಹಿರಿಯೂರಿನಲ್ಲಿ ತಿದ್ದಿದ ತಪ್ಪು ಹೊಳಲ್ಕೆರೆಯಲ್ಲಿ ಸುಖವಾಗಿ ಬಾಳುತ್ತಿತ್ತು.

ಇದನ್ನೂ ನಂಬಿದ ಒಂದೇ ಒಂದು ಜೀವ ಪಾರ್ವತಿ ಮೇಡಂ. ನಮ್ಮೂರು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು, ಪ್ರೋಗ್ರಾಮಿಂಗೂ ಕಲಿತಿದ್ದರು. ಪರೀಕ್ಷೆ ಹತ್ತಿರವಿದ್ದಾಗ ನಮ್ಮ ಸಭೆಗೇ ಬಂದು, ಇದರಲ್ಲೇ ಟೈಪು ಮಾಡಿದ ಪ್ರಶ್ನೆಪತ್ರಿಕೆ ಮುಂದೆ ಹಿಡಿದರು. ಒತ್ತಕ್ಷರಗಳೆಲ್ಲ ಉದುರಿಹೋಗಿದ್ದವು.

"ಹುಡುಗ್ರು ಇದನ್ನ ಏನಂತ ಓದ್ಕಬೇಕ್ರಿ?"

"ಯಾವೂರಿನ ಫೋಲ್ಡರು ಮೇಡಂ?" ಎಂದೆ, ನಮ್ಮೂರಿನದಾಗದಿರಲಿ ಎಂದು ಬೇಡಿಕೊಳ್ಳುತ್ತ. ಆಮೇಲೆ ತಪ್ಪು ಯಾರದೆಂದು ಸಂಜೆಯವರೆಗೆ ವಾದಿಸಿದೆವು. ಮೇಡಂ ಎದ್ದು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವರೇ ನಮ್ಮನ್ನು ಶಾಲೆಗೆ ಕರೆದರು. ಮೇಜಿನ ಮೇಲೆ ಅಚ್ಚುಕಟ್ಟಾದ ಪ್ರಶ್ನೆಪತ್ರಿಕೆ, ಒತ್ತಕ್ಷರಗಳೆಲ್ಲ ಸ್ವಸ್ಥಾನದಲ್ಲಿದ್ದವು. ಕಂಪ್ಯೂಟರಿನಲ್ಲಿ ನಮ್ಮದೇ ತಂತ್ರಾಂಶ. ಫೋಲ್ಡರು ಮಾತ್ರ ಮೂರೇ: ಕೀಲಿಮಣೆ, ಅಕ್ಷರ, ಮುದ್ರಣ. ಯಾರು ಬೇಕಾದರೂ ತಿದ್ದಬಹುದೆಂದು ಬರೆದವರು ನಾವೇ. ಯಾರಾದರೂ ನಿಜಕ್ಕೂ ತಿದ್ದಿಯಾರು ಎಂದು ಎಣಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನಮ್ಮೂರುಗಳು ಎಲ್ಲಿಗೆ ಹೋದ್ವು ಮೇಡಂ?" ರುದ್ರಮುನಿ ಪರದೆಯತ್ತ ಬೆರಳು ಮಾಡಿದ.

"ಎಲ್ಲಿಗೂ ಹೋಗಿಲ್ಲ. ಕೊನೇಗೆ ನಿಮ್ಮೆಲ್ರ ಹೆಸರೂ ಅವೆ, ನೋಡ್ಕಳ್ರಿ. ಮದುವೆ ಪತ್ರಿಕೆ ಕೆಳಗೆ ಹಾಕ್ತಾರಲ್ಲ, ಹಂಗೆ."

ನಾಲ್ವರೂ ಪರದೆಗೆ ಮುಗಿಬಿದ್ದೆವು. ನನ್ನ ಹೆಸರು ರುದ್ರಮುನಿಯ ಹಿಂದಿತ್ತು. ಮೇಡಂ ಎಲ್ಲರಿಗೂ ಟೀ ತರಿಸಿದ್ದರು. ನಾನು ಕುಡಿಯದೆ ಎದ್ದು ಬಂದೆ.